ಮನೆ ಬದಲಿಸುವುದು ಸಾವು, ವಿಚ್ಛೇದನದಷ್ಟೇ ಒತ್ತಡದ ಕೆಲಸವೇ?

ಸಾವು ಮತ್ತು ವಿಚ್ಛೇದನ ಬಿಟ್ಟರೆ ಬದುಕಿನಲ್ಲಿ ಅತಿ ಹೆಚ್ಚು ಒತ್ತಡ ಕೊಡುವುದು ಮನೆ ಬದಲಾವಣೆ ಎಂಬ ಮಾತು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಹರಿದಾಡುತ್ತದೆ. "ವಿಜ್ಞಾನಿಗಳೇ ಹೇಳಿದ್ದಾರೆ" ಎಂಬ ಸಾಲೂ ಜೊತೆಗಿರುತ್ತದೆ. ಇದು ನಿಜವೇ? ನಿಜವಲ್ಲದಿದ್ದರೆ, ಸಾಮಾನು ಕಟ್ಟುವ ವಾರದಲ್ಲಿ ಮನೆಯವರೆಲ್ಲ ಸಿಡಿಮಿಡಿಗೊಳ್ಳುವುದು ಏಕೆ? ನೋಡೋಣ.

ಪಟ್ಟಿಯಲ್ಲಿ ಏನಿದೆ?

ಒತ್ತಡದ ಘಟನೆಗಳ ಪಟ್ಟಿ ಎಂದೊಡನೆ ನೆನಪಾಗುವುದು ಅಮೆರಿಕದ ಮನೋವೈದ್ಯರಾದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ 1967ರಲ್ಲಿ ಪ್ರಕಟಿಸಿದ ಪಟ್ಟಿ. ಅದರಲ್ಲಿ ಬದುಕಿನ 43 ಘಟನೆಗಳಿಗೆ ಅಂಕ ಕೊಡಲಾಗಿದೆ. ಗಂಡ ಅಥವಾ ಹೆಂಡತಿಯ ಸಾವಿಗೆ 100, ವಿಚ್ಛೇದನಕ್ಕೆ 73, ಮದುವೆಗೆ 50. ಮನೆ ಬದಲಾವಣೆಗೆ ಕೇವಲ 20. ಅಂದರೆ ಮೂರನೇ ಸ್ಥಾನ ಹಾಗಿರಲಿ, ಅದು ಪಟ್ಟಿಯ ಕೆಳಭಾಗದಲ್ಲಿದೆ.

ಆದರೆ ಇನ್ನೊಂದು ಮಾತಿದೆ. ಮನೆ ಬದಲಾವಣೆ ಒಂಟಿಯಾಗಿ ಬರುವುದಿಲ್ಲ. ದೊಡ್ಡ ಸಾಲಕ್ಕೆ 31, ವಾಸದ ಸ್ಥಿತಿಗತಿ ಬದಲಾಗುವುದಕ್ಕೆ 25, ಶಾಲೆ ಬದಲಾವಣೆಗೆ 20, ನಿದ್ದೆಯ ಅಭ್ಯಾಸ ತಪ್ಪುವುದಕ್ಕೆ 16, ಊಟದ ಅಭ್ಯಾಸ ತಪ್ಪುವುದಕ್ಕೆ 15 ಅಂಕ ಇದೇ ಪಟ್ಟಿಯಲ್ಲಿವೆ. ಸಾಲ ಮಾಡಿ ಹೊಸ ಮನೆಗೆ ಹೋಗಿ, ಮಕ್ಕಳ ಶಾಲೆಯನ್ನೂ ಬದಲಿಸಿದ ಕುಟುಂಬದ ಅಂಕ ಒಟ್ಟು 127 ಆಗುತ್ತದೆ. ಇದು ಸಾವಿಗಿಂತ ದೊಡ್ಡ ನೋವು ಎಂದು ಅರ್ಥವಲ್ಲ; ಪಟ್ಟಿ ತೀರಾ ಹಳೆಯದು, ಅಮೆರಿಕದ ಬದುಕನ್ನು ನೋಡಿ ಮಾಡಿದ್ದು. ಆದರೂ ಅದು ತೋರಿಸುವ ದಾರಿ ಸರಿಯಾಗಿದೆ: ಭಾರ ಇರುವುದು ಒಂದೇ ಸಲಕ್ಕೆ ಬಂದು ಬೀಳುವ ಕೆಲಸಗಳಲ್ಲಿ. ಅವನ್ನು ಬಿಡಿಸಿ ಹಂಚಿದರೆ ಒತ್ತಡ ಇಳಿಯುತ್ತದೆ.

ಹಾಲು ಉಕ್ಕಿಸುವ ದಿನವನ್ನು ಬಳಸಿಕೊಳ್ಳಿ

ನಮ್ಮಲ್ಲಿ ಅನೇಕರು ಒಳ್ಳೆಯ ದಿನ ನೋಡಿ ಹಾಲು ಉಕ್ಕಿಸಿ, ಸಾಮಾನನ್ನು ಆಮೇಲೆ ಸಾಗಿಸುತ್ತಾರೆ. ಇದು ಕೆಲಸ ಹಂಚಲು ಸಿಕ್ಕ ಒಳ್ಳೆಯ ಅವಕಾಶ. ಅಂದೇ ನಲ್ಲಿ, ಫ್ಯಾನು, ಗೀಸರ್, ಸ್ವಿಚ್ಚುಗಳನ್ನು ಪರೀಕ್ಷಿಸಿ. ಬಾಗಿಲಿನ ಅಗಲ ಅಳೆದು, ಬೀರು ಒಳಗೆ ಹೋಗುತ್ತದೆಯೇ ನೋಡಿ. ಖಾಲಿ ಮನೆಯ ಗೋಡೆ, ಸಿಂಕು, ಕಿಟಕಿಗಳ ವಿಡಿಯೊ ಮಾಡಿ ಮಾಲೀಕರಿಗೆ ಕಳಿಸಿ. ಮುಂದೆ ಮನೆ ಬಿಡುವಾಗ ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿದುಕೊಳ್ಳಬೇಕು ಎಂಬ ಜಗಳಕ್ಕೆ ಆ ವಿಡಿಯೊ ಉತ್ತರವಾಗುತ್ತದೆ. ಹಳೆಯ ಮನೆ ಖಾಲಿ ಮಾಡಿದ ದಿನವೂ ಹೀಗೇ ಮಾಡಿ.

ಹೊಸದಾಗಿ ಬಣ್ಣ ಹೊಡೆದಿದ್ದರೆ ಕಿಟಕಿಗಳನ್ನು ಕೆಲವು ದಿನ ತೆರೆದಿಡಿ. ಬಣ್ಣದಿಂದ ಹೊರಬರುವ ಆವಿ ತಲೆನೋವು ತರಬಹುದು, ಉಬ್ಬಸ ಇರುವವರಿಗೆ ತೊಂದರೆ ಹೆಚ್ಚಿಸಬಹುದು.

ಫ್ರಿಜ್ 24 ಗಂಟೆ ಆಫ್ ಇರಲೇಬೇಕೇ?

ಇದು ಅರ್ಧ ಸತ್ಯ. ಫ್ರಿಜ್‌ನ ಕಂಪ್ರೆಸರ್ ಒಳಗೆ ಎಣ್ಣೆ ಇರುತ್ತದೆ. ಫ್ರಿಜ್ ಮಲಗಿಸಿದರೆ ಆ ಎಣ್ಣೆ ಪಕ್ಕದ ಕೊಳವೆಗೆ ಹರಿಯುತ್ತದೆ. ಅದು ಮರಳಿ ಇಳಿಯುವ ಮೊದಲೇ ಸ್ವಿಚ್ ಹಾಕಿದರೆ ಕಂಪ್ರೆಸರ್ ಹಾಳಾಗಬಹುದು. ಹಾಗಾಗಿ ಮಲಗಿಸಿ ತಂದಿದ್ದರೆ ದೀರ್ಘ ಕಾಲ ನಿಲ್ಲಿಸಿಡುವುದು ಸರಿ. ನೆಟ್ಟಗೆ ನಿಲ್ಲಿಸಿಯೇ ತಂದಿದ್ದರೆ ಸಾಮಾನ್ಯವಾಗಿ ಕೆಲವು ಗಂಟೆ ಸಾಕು. ಕಂಪನಿಯ ಕೈಪಿಡಿಯಲ್ಲಿ ಹೇಳಿದ ಸಮಯವನ್ನು ಪಾಲಿಸಿ. ಎದುರಿನಿಂದ ಬಟ್ಟೆ ಹಾಕುವ ವಾಷಿಂಗ್ ಮಷಿನ್ ಆದರೆ, ಕೊಂಡಾಗ ಹಿಂಬದಿಯಿಂದ ಬಿಚ್ಚಿಟ್ಟ ಬೋಲ್ಟುಗಳನ್ನು ಸಾಗಿಸುವ ಮೊದಲು ಮತ್ತೆ ಬಿಗಿಸಿ. ಇಲ್ಲದಿದ್ದರೆ ಒಳಗಿನ ಡ್ರಮ್ ಅಲುಗಾಡಿ ಪೆಟ್ಟಾಗುತ್ತದೆ.

ಗ್ಯಾಸ್ ಸಿಲಿಂಡರನ್ನು ಲಾರಿಯಲ್ಲೇ ಹಾಕಿಕೊಂಡು ಹೋಗಬಹುದೇ?

ಬೇಡ. ಬಟ್ಟೆ, ಹಾಸಿಗೆ, ಮರದ ಸಾಮಾನಿನ ನಡುವೆ ತುಂಬಿದ ಸಿಲಿಂಡರ್ ಅಪಾಯಕಾರಿ. ಬೇರೆ ಊರಿಗೆ ಹೋಗುವುದಾದರೆ ಸಿಲಿಂಡರ್ ಮತ್ತು ರೆಗ್ಯುಲೇಟರನ್ನು ನಿಮ್ಮ ಏಜೆನ್ಸಿಗೆ ಒಪ್ಪಿಸಿ ವೋಚರ್ ಪಡೆಯಿರಿ. ಠೇವಣಿ ಹಣ ಹಿಂತಿರುಗುತ್ತದೆ. ಆ ವೋಚರ್ ತೋರಿಸಿ ಹೊಸ ಊರಿನಲ್ಲಿ ಸಂಪರ್ಕ ಪಡೆಯಬಹುದು. ಒಂದೇ ಊರಿನೊಳಗೆ ಬದಲಾವಣೆಯಾದರೆ ಏಜೆನ್ಸಿಯವರನ್ನು ಮೊದಲೇ ಕೇಳಿ, ವರ್ಗಾವಣೆಗೆ ಅರ್ಜಿ ಕೊಡಿ. ಹೊರಡುವ ಹಿಂದಿನ ದಿನ ಓಡಾಡಿದರೆ ಇದು ಆಗುವ ಕೆಲಸವಲ್ಲ.

ಕರ್ನಾಟಕದಲ್ಲಿ ಗೃಹಜ್ಯೋತಿ ಪಡೆಯುತ್ತಿರುವ ಬಾಡಿಗೆದಾರರು ಇನ್ನೊಂದು ಕೆಲಸ ಮರೆಯಬಾರದು. ಹಳೆಯ ಮನೆಯ ಆರ್‌.ಆರ್‌. ಸಂಖ್ಯೆಯಿಂದ ಆಧಾರ್ ಬಿಡಿಸಿ, ಹೊಸ ಮನೆಯ ಸಂಖ್ಯೆಗೆ ಸೇವಾ ಸಿಂಧು ಮೂಲಕ ಜೋಡಿಸಬೇಕು. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8 ಇದೆ.

ಅಗ್ಗದ ದರ ಹೇಳುವವರ ಬಗ್ಗೆ ಎಚ್ಚರ

ಈ ಮೋಸದ ರೀತಿ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಫೋನಿನಲ್ಲಿ ಕಡಿಮೆ ದರ ಹೇಳುತ್ತಾರೆ, ಮುಂಗಡ ಪಡೆಯುತ್ತಾರೆ. ಸಾಮಾನೆಲ್ಲ ಲಾರಿಗೆ ಏರಿದ ಮೇಲೆ ಮೆಟ್ಟಿಲು, ದೂರ, ಹಮಾಲಿ ಎಂದು ದರ ಏರಿಸುತ್ತಾರೆ. ನಿಮ್ಮ ಬದುಕೆಲ್ಲ ಅವರ ಗಾಡಿಯಲ್ಲಿರುವಾಗ ಚೌಕಾಸಿ ಮಾಡುವ ಶಕ್ತಿ ನಿಮಗಿರುವುದಿಲ್ಲ. ಆದ್ದರಿಂದ:

• ಮನೆಗೆ ಬಂದು ಅಥವಾ ವಿಡಿಯೊ ಕರೆಯಲ್ಲಿ ಸಾಮಾನು ನೋಡಿದ ಮೇಲೆಯೇ ದರ ಹೇಳಿಸಿ. ಎಷ್ಟನೇ ಮಹಡಿ, ಲಿಫ್ಟ್ ಇದೆಯೇ, ಬಿಚ್ಚಿ ಜೋಡಿಸುವ ಕೆಲಸ ಸೇರಿದೆಯೇ ಎಂಬುದೆಲ್ಲ ಬರಹದಲ್ಲಿರಲಿ.
• ಪೂರ್ತಿ ಹಣ ಮೊದಲೇ ಕೊಡಬೇಡಿ. ಗಾಡಿಯ ನಂಬರ್ ಪ್ಲೇಟಿನ ಫೋಟೊ ತೆಗೆದಿಡಿ.
• ಒಡವೆ, ನಗದು, ಪತ್ರಗಳು, ಔಷಧಿ ನಿಮ್ಮ ಕೈಯಲ್ಲೇ ಇರಲಿ.
• ಹಳೆಯ ಸೋಫಾ, ಮಂಚ ಮಾರಲು ಹೋದಾಗ "ಹಣ ಬರಲು ಕ್ಯೂಆರ್ ಸ್ಕ್ಯಾನ್ ಮಾಡಿ" ಎಂದರೆ ಅದು ಮೋಸ. ಹಣ ಪಡೆಯಲು ಯುಪಿಐ ಪಿನ್ ಹಾಕಬೇಕಾಗಿಯೇ ಇಲ್ಲ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮೊದಲ ರಾತ್ರಿ ನಿದ್ದೆ ಏಕೆ ಬರುವುದಿಲ್ಲ?

ಇದಕ್ಕೆ ವೈಜ್ಞಾನಿಕ ವಿವರಣೆ ಇದೆ. ಹೊಸ ಜಾಗದಲ್ಲಿ ಮೊದಲ ಸಲ ಮಲಗಿದಾಗ ಮಿದುಳಿನ ಎಡ ಅರ್ಧಭಾಗ ಬಲಭಾಗದಷ್ಟು ಗಾಢವಾಗಿ ನಿದ್ರಿಸದೆ, ಸಣ್ಣ ಸದ್ದಿಗೂ ಎಚ್ಚರವಾಗಿರುತ್ತದೆ ಎಂದು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು. ಅದೇ ಜಾಗದಲ್ಲಿ ಎರಡನೇ ಸಲ ಮಲಗಿದಾಗ ಆ ವ್ಯತ್ಯಾಸ ಕಾಣಲಿಲ್ಲ. ಅಂದರೆ ಮೊದಲ ರಾತ್ರಿ ನಿದ್ದೆ ಕೆಟ್ಟರೆ ಮನೆ ಆಗಿಬರಲಿಲ್ಲ ಎಂದು ಗಾಬರಿಯಾಗಬೇಕಿಲ್ಲ. ಮಿದುಳು ಕಾವಲು ಕಾಯುತ್ತಿದೆ, ಅಷ್ಟೆ.

ಹಾಗಾಗಿ ಹೊಸ ಮನೆಯಲ್ಲಿ ಮೊದಲು ಜೋಡಿಸಬೇಕಾದದ್ದು ಟಿವಿ ಅಲ್ಲ, ಹಾಸಿಗೆ. ಹಳೆಯ ಹೊದಿಕೆ, ದಿಂಬನ್ನೇ ಬಳಸಿ. ಒಂದು ಚೀಲವನ್ನು ಬೇರೆಯಾಗಿ ಕಟ್ಟಿಡಿ: ಹೊದಿಕೆ, ಎರಡು ಜೊತೆ ಬಟ್ಟೆ, ಸೋಪು, ಹಲ್ಲುಜ್ಜುವ ಬ್ರಷ್, ಮಾತ್ರೆ, ಚಾರ್ಜರ್, ಟಾರ್ಚ್, ಕಾಫಿಪುಡಿ, ಸಕ್ಕರೆ, ಒಂದು ಪಾತ್ರೆ, ಲೋಟಗಳು. ಬೆಳಗ್ಗೆ ಕಾಫಿ ಕುಡಿಯಲು ಹತ್ತು ಪೆಟ್ಟಿಗೆ ಬಿಚ್ಚುವ ಗೋಳು ತಪ್ಪುತ್ತದೆ.

ಹಿರಿಯರನ್ನು, ಮಕ್ಕಳನ್ನು ಮರೆಯಬೇಡಿ

ಅಜ್ಜ ಅಜ್ಜಿಯರಿಗೆ ಹಳೆಯ ಮನೆಯ ದಾರಿ ಕತ್ತಲಲ್ಲೂ ಗೊತ್ತಿರುತ್ತದೆ. ಹೊಸ ಮನೆಯಲ್ಲಿ ರಾತ್ರಿ ಬಚ್ಚಲಿಗೆ ಎದ್ದಾಗ ಹೊಸ್ತಿಲು ಎಡವಿ ಬೀಳುವ ಅಪಾಯ ಹೆಚ್ಚು. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಚೇತರಿಕೆ ಕಷ್ಟ. ಮೊದಲ ದಿನವೇ ಅವರ ಕೋಣೆಯಿಂದ ಬಚ್ಚಲಿನವರೆಗೆ ಸಣ್ಣ ದೀಪ ಹಾಕಿ, ದಾರಿಯಲ್ಲಿ ಪೆಟ್ಟಿಗೆ ಇಡಬೇಡಿ. ಮರೆವಿನ ಕಾಯಿಲೆ ಇದ್ದರೆ ಮಂಚ, ಕುರ್ಚಿ, ದೇವರ ಪಟ ಹಿಂದಿದ್ದ ಕ್ರಮದಲ್ಲೇ ಇರಲಿ. ಮಕ್ಕಳ ಆಟಿಕೆಗಳನ್ನು ಅವರೇ ಒಂದು ಪೆಟ್ಟಿಗೆಗೆ ತುಂಬಿ ಹೆಸರು ಬರೆಯಲಿ. ಹೊಸ ಮನೆಯಲ್ಲಿ ಮೊದಲು ಬಿಚ್ಚುವ ಪೆಟ್ಟಿಗೆಗಳಲ್ಲಿ ಅದೂ ಇರಲಿ.

ಕೊನೆಯದಾಗಿ

ಮನೆ ಬದಲಾವಣೆ ಒತ್ತಡದ ಪಟ್ಟಿಯಲ್ಲಿ ಮೂರನೆಯದು ಎಂಬ ಮಾತಿಗೆ ಈ ಪ್ರಸಿದ್ಧ ಪಟ್ಟಿಯಲ್ಲಿ ಆಧಾರವಿಲ್ಲ. ಆ ಸಂದೇಶ ಮತ್ತೆ ಬಂದರೆ, ಫಾರ್ವರ್ಡ್ ಮಾಡುವ ಬದಲು ಈ ತಿಂಗಳು ಮನೆ ಬದಲಿಸುತ್ತಿರುವ ಪರಿಚಿತರಿಗೆ ಫೋನ್ ಮಾಡಿ, ಆ ದಿನದ ಮಧ್ಯಾಹ್ನದ ಊಟ ನಿಮ್ಮ ಮನೆಯಿಂದ ಕಳಿಸುತ್ತೇವೆ ಎನ್ನಿ. ಅವರ ಭಾರದಲ್ಲಿ ಒಂದು ಕೆಲಸವಾದರೂ ಇಳಿಯುತ್ತದೆ.