ಅತಿ ಹತ್ತಿರ ಎಂದರೆ ಎಷ್ಟು ಹತ್ತಿರ?

ಪ್ರೋಟೀನಿನ ರಚನೆಯನ್ನು ಕಂಪ್ಯೂಟರಿಗೆ ಕೊಟ್ಟು, ಅದರೊಳಗೆ ಯಾವ ಅಮೈನೋ ಆಮ್ಲ ಯಾವುದಕ್ಕೆ ತಾಗಿಕೊಂಡಿದೆ ಎಂದು ಕೇಳುವವರು ಮೊದಲು ಒಂದು ಸಂಖ್ಯೆ ಬರೆಯಬೇಕಾಗುತ್ತದೆ. ಇಷ್ಟು ದೂರದೊಳಗೆ ಇದ್ದರೆ ಸಂಪರ್ಕ ಇದೆ, ಅದಕ್ಕಿಂತ ದೂರವಾದರೆ ಇಲ್ಲ. ನಾನು ಚೆನ್ನೈಗೆ ಬಂದು ಈ ಕೆಲಸಕ್ಕೆ ಸೇರಿದಾಗ ಹಿಂದಿನವರು ಬರೆದಿಟ್ಟಿದ್ದ ಪ್ರೋಗ್ರಾಮಿನಲ್ಲಿ ಆ ಸಂಖ್ಯೆ 8 ಎಂದಿತ್ತು. ನಾನೂ ಹಾಗೇ ಬಿಟ್ಟೆ. ವರ್ಷಗಳ ಮೇಲೆ ತರಬೇತಿಗೆ ಬಂದ ಹುಡುಗಿಯೊಬ್ಬಳು, "ಸಾರ್, 8 ಯಾಕೆ? 7 ಯಾಕಲ್ಲ?" ಎಂದಳು. ಎಲ್ಲರೂ ಹಾಗೇ ಹಾಕುತ್ತಾರಮ್ಮ ಎಂದೆ. ಅಂದು ಸಂಜೆ ಮನೆಗೆ ಹೋಗುವಾಗ ನನ್ನ ಉತ್ತರ ನನಗೇ ನಾಚಿಕೆ ತರಿಸಿತು.

ನಾಚಿಕೆಗೆ ಇನ್ನೊಂದು ಕಾರಣವೂ ಇತ್ತು. ಆ ಪ್ರಶ್ನೆಯನ್ನು ಜಗತ್ತಿನಲ್ಲೇ ಅತ್ಯಂತ ಶ್ರದ್ಧೆಯಿಂದ ಕೇಳಿದವರಲ್ಲಿ ಒಬ್ಬರು ಇದೇ ಊರಿನಲ್ಲಿ, ನಾನು ದಿನವೂ ಬಸ್ಸಿನಲ್ಲಿ ದಾಟುವ ಗಿಂಡಿಯಲ್ಲಿ ಕೂತು ಕೇಳಿದ್ದರು. ಜಿ. ಎನ್. ರಾಮಚಂದ್ರನ್. ಅವರ ಬಗ್ಗೆ ನಾವು ಎರಡು ಕತೆ ಹೇಳುತ್ತೇವೆ. ಕೊಲಾಜೆನ್ನಿನ ರಚನೆ ಕಂಡುಹಿಡಿದರೂ ನೊಬೆಲ್ ಕೈತಪ್ಪಿತು ಎಂಬುದು ಒಂದು. ಪಠ್ಯಪುಸ್ತಕಗಳಲ್ಲಿ ಅವರ ಹೆಸರಿನ ನಕ್ಷೆ ಇದೆ ಎಂಬುದು ಇನ್ನೊಂದು. ಇವೆರಡೂ ಒಂದೇ ಕತೆ. ಎರಡನ್ನೂ ಸೇರಿಸುವ ಗಂಟು ಒಂದು ಆಕ್ಷೇಪಣೆ: ನಿಮ್ಮ ಮಾದರಿಯಲ್ಲಿ ಪರಮಾಣುಗಳು ಅತಿ ಹತ್ತಿರ ಬಂದಿವೆ.

ರಾಮಚಂದ್ರನ್ ಹುಟ್ಟಿದ್ದು 1922ರಲ್ಲಿ ಎರ್ನಾಕುಲಂನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಬಂದವರು ಸಿ. ವಿ. ರಾಮನ್ ಅವರ ಸೆಳೆತಕ್ಕೆ ಸಿಕ್ಕಿ ಭೌತವಿಜ್ಞಾನಕ್ಕೆ ಹೊರಳಿದರು. ಕೇಂಬ್ರಿಜ್‌ನಲ್ಲಿ ಎರಡು ವರ್ಷ ಕಳೆದು ಬಂದು, 1952ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದಾಗ ಅವರಿಗೆ ಮೂವತ್ತು ತುಂಬಿರಲಿಲ್ಲ. ಆ ವರ್ಷವೇ ಇಂಗ್ಲೆಂಡಿನ ಜೆ. ಡಿ. ಬರ್ನಾಲ್ ಮದ್ರಾಸಿಗೆ ಬಂದರು. ಕೊಲಾಜೆನ್ನಿನ ರಚನೆಗಾಗಿ ಮುಂದಿಟ್ಟಿರುವ ಯಾವ ಮಾದರಿಯೂ ತೃಪ್ತಿಕರವಾಗಿಲ್ಲ ಎಂಬ ಅವರ ಮಾತು ರಾಮಚಂದ್ರನ್‌ಗೆ ನಾಟಿತು.

ಕೊಲಾಜೆನ್ ಎಂದರೆ ನಮ್ಮ ಚರ್ಮ, ಮೂಳೆ, ಸ್ನಾಯುರಜ್ಜುಗಳನ್ನು ಹಿಡಿದಿಟ್ಟಿರುವ ಪ್ರೋಟೀನು. ಅದೇ ರಸ್ತೆಯಲ್ಲಿ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇದ್ದದ್ದು ಅನುಕೂಲವಾಯಿತು. ಅಲ್ಲಿಂದ ಬಂದದ್ದು ಕಾಂಗರೂ ಬಾಲದ ರಜ್ಜು. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಅದರ ಎಕ್ಸ್-ರೇ ಚಿತ್ರಗಳನ್ನು ನೋಡಿದರು. ಜತೆಗೆ ಇನ್ನೊಂದು ಸುಳಿವಿತ್ತು: ಕೊಲಾಜೆನ್ನಿನ ಅಮೈನೋ ಆಮ್ಲಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಗ್ಲೈಸಿನ್. ಗ್ಲೈಸಿನ್ ಎಲ್ಲಕ್ಕಿಂತ ಚಿಕ್ಕದು, ಅದರ ಪಕ್ಕಕ್ಕೆ ಚಾಚಿಕೊಂಡಿರುವುದು ಒಂದೇ ಒಂದು ಹೈಡ್ರೋಜನ್. ಮೂರು ಸರಪಳಿಗಳು ಜತೆಯಾಗಿ ನಿಂತು, ನಡುವಿನ ಇಕ್ಕಟ್ಟಾದ ಜಾಗದಲ್ಲಿ ಪ್ರತಿ ಮೂರನೆಯ ಕೊಂಡಿಯಾಗಿ ಗ್ಲೈಸಿನ್ ಕೂತರೆ ಲೆಕ್ಕ ಕೂಡುತ್ತದೆ. 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಈ ಮೂರೆಳೆಯ ಮಾದರಿ ಬಂತು. 1955ರಲ್ಲಿ ಅವರೇ ಅದನ್ನು ತಿದ್ದಿದರು: ಮೂರೂ ಎಳೆಗಳು ಒಂದನ್ನೊಂದು ಸುತ್ತಿಕೊಂಡಿವೆ. ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಎಳೆಯ ಹುರಿ ಒಂದು ಕಡೆಗಿದ್ದರೆ ಹಗ್ಗದ ಹುರಿ ಇನ್ನೊಂದು ಕಡೆಗೆ. ಕೊಲಾಜೆನ್ನಿನಲ್ಲೂ ಒಂದೊಂದು ಎಳೆ ಎಡಕ್ಕೆ, ಮೂರೂ ಸೇರಿದ ಹಗ್ಗ ಬಲಕ್ಕೆ.

ಅದೇ ವರ್ಷ 'ನೇಚರ್'ನಲ್ಲೇ ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ತಮ್ಮ ಮಾದರಿ ಪ್ರಕಟಿಸಿದರು. ಮೂರೆಳೆ ಎಂಬುದನ್ನು ಅವರೂ ಒಪ್ಪಿದ್ದರು. ತಕರಾರು ಇದ್ದದ್ದು ಒಳವಿವರದಲ್ಲಿ. ರಾಮಚಂದ್ರನ್ ಪ್ರತಿ ಮೂರು ಕೊಂಡಿಗೆ ಎರಡು ಹೈಡ್ರೋಜನ್ ಬಂಧ ಇಟ್ಟಿದ್ದರು. ಅಷ್ಟು ಬಿಗಿಯಾಗಿ ಕಟ್ಟಿದರೆ ಕೆಲವು ಪರಮಾಣುಗಳು ಸಹಿಸಲಾಗದಷ್ಟು ಹತ್ತಿರ ಬರುತ್ತವೆ, ಒಂದೇ ಬಂಧ ಸಾಕು ಎಂಬುದು ಇವರ ವಾದ.

ಇಲ್ಲಿ ನಮ್ಮ ಸಾಮಾನ್ಯ ಕತೆ ದಾರಿ ತಪ್ಪುತ್ತದೆ. ವಿದೇಶದವರು ನಮ್ಮವರ ಕೀರ್ತಿ ಕಿತ್ತುಕೊಂಡರು ಎಂದು ಹೇಳಿ ಮುಗಿಸುತ್ತೇವೆ. ಮೂರೆಳೆಯ ಯೋಚನೆಯ ಶ್ರೇಯಸ್ಸು ಮದ್ರಾಸಿಗೆ ಸಲ್ಲಬೇಕಾದಷ್ಟು ಸಲ್ಲಲಿಲ್ಲ ಎಂಬ ಕೊರಗು ನ್ಯಾಯವಾದದ್ದೇ. ಆದರೆ ಆಕ್ಷೇಪಣೆಯಲ್ಲಿ ಹುರುಳಿತ್ತು ಎಂಬುದೂ ನಿಜ. ಹಾಗೆಂದು ಅದು ಪೂರ್ತಿ ಗಟ್ಟಿಯೂ ಆಗಿರಲಿಲ್ಲ. ಅತಿ ಹತ್ತಿರ ಎಂದರೆ ಎಷ್ಟು? ಎಲ್ಲರೂ ಒಪ್ಪುವಂಥ ಅಳತೆಗೋಲು ಆಗ ಇರಲಿಲ್ಲ.

ರಾಮಚಂದ್ರನ್ ಆ ಅಳತೆಗೋಲನ್ನೇ ಮಾಡಲು ಹೊರಟರು. ಅಷ್ಟರಲ್ಲಿ ಸ್ಫಟಿಕಗಳಿಂದ ಅಮೈನೋ ಆಮ್ಲಗಳ, ಚಿಕ್ಕ ಪೆಪ್ಟೈಡುಗಳ ರಚನೆಗಳು ತಿಳಿದಿದ್ದವು. ಅವುಗಳಲ್ಲಿ ಬಂಧವಿಲ್ಲದ ಎರಡು ಪರಮಾಣುಗಳು ನಿಜವಾಗಿ ಎಷ್ಟು ಹತ್ತಿರ ಬಂದಿವೆ ಎಂದು ಹುಡುಕಿ ಪಟ್ಟಿ ಮಾಡಿದರು. ಅಳತೆಯ ಘಟಕ ಆಂಗ್‌ಸ್ಟ್ರಾಮ್, ಅಂದರೆ ಒಂದು ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು. ಪಟ್ಟಿಯಲ್ಲಿ ಎರಡು ಕಾಲಂ. ಒಂದು ಸಾಮಾನ್ಯ ಮಿತಿ, ಇನ್ನೊಂದು ಹೊರಗಿನ ಮಿತಿ. ಎರಡು ಇಂಗಾಲಗಳ ನಡುವೆ ಸಾಮಾನ್ಯವಾಗಿ 3.2, ತೀರಾ ಒತ್ತಿದರೆ 3.0. ಎರಡು ಆಮ್ಲಜನಕಗಳ ನಡುವೆ 2.7, ಒತ್ತಿದರೆ 2.6. ಎರಡು ಹೈಡ್ರೋಜನ್‌ಗಳ ನಡುವೆ 2.0, ಒತ್ತಿದರೆ 1.9.

ನನಗೆ ಈ ಎರಡನೆಯ ಕಾಲಂ ಮುಖ್ಯ. ಒಂದೇ ಸಂಖ್ಯೆ ಬರೆದು ಗೆರೆ ಎಳೆಯಬಹುದಿತ್ತು. ಪ್ರಕೃತಿ ಆಗಾಗ ಗೆರೆಯನ್ನು ಚೂರು ದಾಟುತ್ತದೆ ಎಂದು ಕಂಡವರು ಅದನ್ನೂ ಬರೆದಿಟ್ಟರು.

ಪಟ್ಟಿ ಸಿದ್ಧವಾದ ಮೇಲೆ ಪ್ರಶ್ನೆ ದೊಡ್ಡದಾಯಿತು. ಕೊಲಾಜೆನ್ ಒಂದೇ ಯಾಕೆ, ಯಾವುದೇ ಪ್ರೋಟೀನು ಸರಪಳಿ ಹೇಗೆಲ್ಲ ಮಡಚಬಲ್ಲದು? ಪೆಪ್ಟೈಡ್ ಬಂಧದ ಸುತ್ತಲಿನ ಪರಮಾಣುಗಳು ಚಪ್ಪಟೆಯಾಗಿ ಒಂದೇ ಸಮತಲದಲ್ಲಿ ಇರುತ್ತವೆ ಎಂದು ಲೈನಸ್ ಪೌಲಿಂಗ್ ಮತ್ತು ರಾಬರ್ಟ್ ಕೋರಿ ತೋರಿಸಿದ್ದರು. ಹಾಗಾಗಿ ಪ್ರತಿ ಕೊಂಡಿಯಲ್ಲೂ ಸರಪಳಿ ತಿರುಗಲು ಉಳಿಯುವುದು ಎರಡೇ ಕೀಲು. ಆ ಎರಡು ಕೋನಗಳಿಗೆ ಫೈ, ಸೈ ಎಂದು ಹೆಸರು. ಹತ್ತು ಹತ್ತು ಡಿಗ್ರಿಯಂತೆ ತಿರುಗಿಸುತ್ತ ಹೋದರೂ 36ನ್ನು 36ರಿಂದ ಗುಣಿಸಿದಷ್ಟು, ಅಂದರೆ 1,296 ಭಂಗಿಗಳು. ಪ್ರತಿ ಭಂಗಿಯಲ್ಲೂ ಪ್ರತಿ ಜೋಡಿ ಪರಮಾಣುಗಳ ದೂರ ಲೆಕ್ಕ ಹಾಕಿ ಪಟ್ಟಿಗೆ ಹೋಲಿಸಬೇಕು. ಮೇಜಿನ ಲೆಕ್ಕಯಂತ್ರ ಬಿಟ್ಟರೆ ಕೈಯಲ್ಲಿ ಬೇರೇನಿಲ್ಲ. ರಾಮಚಂದ್ರನ್, ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಮೂವರ ಹೆಸರಿನಲ್ಲಿ ಆ ಕೆಲಸ 1963ರಲ್ಲಿ 'ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿ'ಯಲ್ಲಿ ಪ್ರಕಟವಾಯಿತು. ಐದೇ ಪುಟ.

ಆ ನಕ್ಷೆಯಲ್ಲಿ ಕಣ್ಣಿಗೆ ಹೊಡೆಯುವುದು ಖಾಲಿ ಜಾಗ. ಸುಮಾರು ಮುಕ್ಕಾಲು ಪಾಲು ಭಂಗಿಗಳು ಸಾಧ್ಯವೇ ಇಲ್ಲ, ಪರಮಾಣುಗಳು ಡಿಕ್ಕಿ ಹೊಡೆಯುತ್ತವೆ. ಉಳಿದ ಕೆಲವೇ ದ್ವೀಪಗಳಲ್ಲಿ ಪೌಲಿಂಗ್ ಹೇಳಿದ್ದ ಆಲ್ಫಾ ಸುರುಳಿಯೂ ಬೀಟಾ ಹಾಳೆಯೂ ಸರಿಯಾಗಿ ಕೂತಿದ್ದವು. ಕೊಲಾಜೆನ್ನೂ ಇತ್ತು. ಆಗ ಪರಮಾಣು ಮಟ್ಟದಲ್ಲಿ ರಚನೆ ತಿಳಿದಿದ್ದ ಪ್ರೋಟೀನೆಂದರೆ ಜಾನ್ ಕೆಂಡ್ರೂ ಬಿಡಿಸಿದ್ದ ಮಯೋಗ್ಲೋಬಿನ್ ಮಾತ್ರ ಎನ್ನಬೇಕು. ಇಂದು ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ರಚನೆಗಳಿವೆ. ಹೊಸದೊಂದು ರಚನೆ ಬಂದರೆ ಅದರ ಕೊಂಡಿಗಳನ್ನು ಈ ನಕ್ಷೆಯ ಮೇಲಿಟ್ಟು ನೋಡುವುದು ಈಗಲೂ ವಾಡಿಕೆ. ಖಾಲಿ ಜಾಗದಲ್ಲಿ ಚುಕ್ಕೆಗಳು ಹೆಚ್ಚಾಗಿ ಬಿದ್ದರೆ ಎಲ್ಲೋ ತಪ್ಪಾಗಿರಬಹುದು ಎಂದರ್ಥ. ಒಂದು ಕಾಲಕ್ಕೆ ತಮ್ಮ ಮಾದರಿಯ ಮೇಲೆ ಬಂದ ಆಕ್ಷೇಪಣೆಯನ್ನು ಅವರು ಎಲ್ಲರ ಮಾದರಿಗೂ ಅನ್ವಯಿಸುವ ಪರೀಕ್ಷೆಯಾಗಿ ಮಾಡಿಟ್ಟರು.

ಈ ನಕ್ಷೆ ಅಕ್ಕಪಕ್ಕದ ಕೊಂಡಿಗಳಿಗೆ ಸಂಬಂಧಿಸಿದ್ದು, ಯಾವುದು ತಾಗಬಾರದು ಎಂದು ಹೇಳುವಂಥದ್ದು. ಪ್ರೋಟೀನು ಮಡಚಿಕೊಂಡಾಗ ಸರಪಳಿಯಲ್ಲಿ ದೂರವಿರುವ ಕೊಂಡಿಗಳೂ ಎದುರುಬದುರಾಗುತ್ತವೆ, ಹತ್ತನೆಯದು ತೊಂಬತ್ತನೆಯದಕ್ಕೆ ತಾಗಬಹುದು. ರಚನೆಯನ್ನು ಹಿಡಿದು ನಿಲ್ಲಿಸುವುದರಲ್ಲಿ ಇಂಥ ಸಂಪರ್ಕಗಳ ಪಾಲು ದೊಡ್ಡದು. ನನ್ನ 8 ಆಂಗ್‌ಸ್ಟ್ರಾಮ್ ಬರುವುದು ಇಲ್ಲಿ. ಅದು ಎರಡು ಕೊಂಡಿಗಳ ತಲಾ ಒಂದು ಗೊತ್ತಾದ ಇಂಗಾಲದ ನಡುವಿನ ದೂರ. ಪರಮಾಣುಗಳು ನಿಜಕ್ಕೂ ತಾಗಿವೆಯೇ ಎಂದು ಅದು ನೋಡುವುದಿಲ್ಲ, ಅಂದಾಜಿಗೆ ಅಷ್ಟು ಸಾಕು ಎನ್ನುತ್ತದೆ.

ಈ ಎಳೆ ಬೆಂಗಳೂರಿಗೆ ಬರುತ್ತದೆ. 1970ರಲ್ಲಿ ಮದ್ರಾಸು ಬಿಟ್ಟ ರಾಮಚಂದ್ರನ್ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಕಟ್ಟಿದರು. ಮುಂದೆ ಅದೇ ಘಟಕದಲ್ಲಿ ಸರಸ್ವತಿ ವಿಶ್ವೇಶ್ವರ ಮತ್ತು ಅವರ ವಿದ್ಯಾರ್ಥಿಗಳು ಪ್ರೋಟೀನನ್ನು ಸಂಪರ್ಕಗಳ ಬಲೆಯಾಗಿ ನೋಡಿದರು. ಅವರ ವಿಧಾನದಲ್ಲಿ ಎರಡು ಕೊಂಡಿಗಳ ನಡುವೆ 4.5 ಆಂಗ್‌ಸ್ಟ್ರಾಮ್ ಒಳಗೆ ಎಷ್ಟು ಜೋಡಿ ಪರಮಾಣುಗಳಿವೆ ಎಂದು ಎಣಿಸುತ್ತಾರೆ. ದೊಡ್ಡ ಕೊಂಡಿಗೆ ಸಹಜವಾಗಿಯೇ ಹೆಚ್ಚು ನೆಂಟರು, ಆದ್ದರಿಂದ ಎಣಿಕೆಯನ್ನು ಕೊಂಡಿಯ ಗಾತ್ರಕ್ಕೆ ತಕ್ಕಂತೆ ತೂಗುತ್ತಾರೆ. ಆಮೇಲೆ ಮಿತಿಯನ್ನು ಸ್ವಲ್ಪ ಸ್ವಲ್ಪವೇ ಬಿಗಿಮಾಡುತ್ತ, ಬಲೆ ಎಲ್ಲಿ ಚೂರುಚೂರಾಗುತ್ತದೆ ಎಂದು ನೋಡುತ್ತಾರೆ. ಒಂದು ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬುವ ಬದಲು ಸಂಖ್ಯೆ ಬದಲಾದರೆ ಏನಾಗುತ್ತದೆ ಎಂದು ಕೇಳುವ ಕ್ರಮ ಇದು. ಎರಡು ಕಾಲಮ್ಮಿನ ಆ ಪಟ್ಟಿಯ ಮನೆತನ ಇದರಲ್ಲಿ ನನಗೆ ಕಾಣುತ್ತದೆ.

ಕೊಲಾಜೆನ್ನಿನ ವ್ಯಾಜ್ಯ ಏನಾಯಿತು? 1994ರಲ್ಲಿ ಹೆಲೆನ್ ಬರ್ಮನ್, ಬಾರ್ಬರಾ ಬ್ರಾಡ್‌ಸ್ಕಿ ಮತ್ತು ಜತೆಗಾರರು ಕೊಲಾಜೆನ್ನಿನಂಥ ಪೆಪ್ಟೈಡಿನ ಸ್ಫಟಿಕ ರಚನೆಯನ್ನು ಸ್ಪಷ್ಟವಾಗಿ ಬಿಡಿಸಿದರು. ಮೂರೆಳೆ ಇತ್ತು. ಎಳೆಗಳ ನಡುವಿನ ನೇರ ಹೈಡ್ರೋಜನ್ ಬಂಧ ಮೂರು ಕೊಂಡಿಗೆ ಒಂದೇ. ಆ ಅಂಶದಲ್ಲಿ ರಿಚ್ ಮತ್ತು ಕ್ರಿಕ್ ಸರಿ. ಹಗ್ಗದ ಮೂಲ ಕಲ್ಪನೆಯಲ್ಲಿ ರಾಮಚಂದ್ರನ್ ಮತ್ತು ಕರ್ತಾ ಸರಿ. ಆ ಪೆಪ್ಟೈಡಿನಲ್ಲಿ ಬೇಕೆಂದೇ ಒಂದು ಗ್ಲೈಸಿನ್ ತೆಗೆದು ಅಲನಿನ್ ಇಟ್ಟಿದ್ದರು. ಅಲನಿನ್ ಗ್ಲೈಸಿನ್‌ಗಿಂತ ಒಂದು ಇಂಗಾಲದಷ್ಟು ದೊಡ್ಡದು, ಅಷ್ಟೆ. ಆ ಜಾಗದಲ್ಲಿ ಹಗ್ಗದ ಹುರಿ ಸಡಿಲಾಗಿ ನೇರ ಬಂಧಗಳು ಹೋಗಿ ನಡುವೆ ನೀರಿನ ಅಣುಗಳು ಸೇರಿಕೊಂಡಿದ್ದವು.

ಇದು ಬರೀ ಪ್ರಯೋಗಶಾಲೆಯ ಮಾತಲ್ಲ. ಎತ್ತಿಕೊಂಡರೂ ಮೂಳೆ ಮುರಿಯುವ ಮಕ್ಕಳಿದ್ದಾರೆ. ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಎಂಬ ಆ ರೋಗದ ಎಷ್ಟೋ ತೀವ್ರ ರೂಪಗಳಲ್ಲಿ ಕಾರಣ ಇಷ್ಟೇ: ಸಾವಿರಕ್ಕೂ ಹೆಚ್ಚು ಕೊಂಡಿಗಳ ಸರಪಳಿಯಲ್ಲಿ ಒಂದು ಗ್ಲೈಸಿನ್ ಇರಬೇಕಾದ ಕಡೆ ಅದಕ್ಕಿಂತ ದೊಡ್ಡದೊಂದು ಕೂತಿದೆ. ಅತಿ ಹತ್ತಿರ ಎಂಬುದು ಅಲ್ಲಿ ವಾದವಲ್ಲ, ಮಗುವಿನ ಮೂಳೆ.

ರಾಮಚಂದ್ರನ್ 2001ರ ಏಪ್ರಿಲ್‌ನಲ್ಲಿ ಚೆನ್ನೈನಲ್ಲೇ ತೀರಿಕೊಂಡರು. ಚರ್ಮ ಸಂಶೋಧನಾ ಸಂಸ್ಥೆಯ ಸಭಾಂಗಣಕ್ಕೆ 'ಟ್ರಿಪಲ್ ಹೆಲಿಕ್ಸ್' ಎಂದೇ ಹೆಸರಿದೆ. ಅದರ ಮುಂದೆ ಬಸ್ಸು ನಿಧಾನವಾದಾಗಲೆಲ್ಲ ನನಗೆ ನೆನಪಾಗುವುದು ಕೈತಪ್ಪಿದ ಬಹುಮಾನವಲ್ಲ. ನಿಮ್ಮದು ತಪ್ಪು ಎಂದು ಸಮುದ್ರದಾಚೆಯಿಂದ ಮಾತು ಬಂದಾಗ, ಹೌದೇ, ಹಾಗಾದರೆ ಅಳೆಯೋಣ ಎಂದು ಕೂತವರು ನೆನಪಾಗುತ್ತಾರೆ.

ಆ ಹುಡುಗಿಗೆ ಮರುವಾರ ಸರಿಯಾದ ಉತ್ತರ ಕೊಟ್ಟೆ. 8 ಎಂಬುದು ನಾವು ಆರಿಸಿಕೊಂಡದ್ದು, 7 ಇಟ್ಟರೆ ಏನು ಉಳಿಯುತ್ತದೆ, 9 ಇಟ್ಟರೆ ಏನು ಸೇರುತ್ತದೆ ಎಂದು ನೀನೇ ನೋಡಿ ಬಾ ಎಂದೆ. ಅವಳು ಮೂರು ಪಟ್ಟಿ ಮಾಡಿ ತಂದಳು. ಈಗ ನಮ್ಮ ಪ್ರೋಗ್ರಾಮಿನಲ್ಲಿ ಆ ಸಂಖ್ಯೆಯ ಪಕ್ಕ, ಅದನ್ನು ಯಾಕೆ ಆರಿಸಿಕೊಂಡೆವು ಎಂಬ ಒಂದು ಸಾಲೂ ಇದೆ.