ರಿಯೊದ ಮೂರು ಅಂಕ: ಆರು ಜನರ ಆಟದ ಮೇಲೆ ಹೊರಿಸಿದ ಆರೋಪದ ಮರುವಿಚಾರಣೆ

ಮಹಿಳೆಯರ ವಿಶ್ವ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್‌ಷಿಪ್‌ನ ಚರಿತ್ರೆ ಬರೆದವರು ಅಮೆರಿಕದ ಪ್ರಸ್ತಾಪ ಬಂದಾಗಲೆಲ್ಲ ಒಂದು ವಿವರಣೆಯನ್ನು ಒಬ್ಬರಿಂದೊಬ್ಬರು ಪಡೆದುಕೊಳ್ಳುತ್ತ ಬಂದಿದ್ದಾರೆ. ಅಮೆರಿಕದ ಹೆಣ್ಣುಮಕ್ಕಳು ತಮ್ಮ ದೇಶದಲ್ಲಿ ಆರು ಜನರ, ಅರ್ಧ ಅಂಕಣದ ಆಟವಾಡುತ್ತಿದ್ದರು. ಹೊರಗೆ ಐದು ಜನರ, ಪೂರ್ಣ ಅಂಕಣದ ಆಟ ನಡೆಯುತ್ತಿತ್ತು. ಆದ್ದರಿಂದಲೇ ಅವರು ಸೋವಿಯತ್ ಒಕ್ಕೂಟದ ಎದುರು ದಶಕಗಳ ಕಾಲ ಸೋತರು ಎಂಬುದು ಆ ವಿವರಣೆ. ಓದಲು ಸಲೀಸಾಗಿದೆ. 1971ರಲ್ಲಿ ನಿಯಮ ಬದಲಾಯಿತು, 1979ರಲ್ಲಿ ಚಿನ್ನ ಬಂತು ಎಂದು ಮುಂದಿನ ವಾಕ್ಯವೂ ತಾನಾಗಿಯೇ ಒದಗುತ್ತದೆ.

ಈ ವಿವರಣೆ ನಿಲ್ಲುವುದಿಲ್ಲ. ಅದನ್ನು ಅಲ್ಲಗಳೆಯುವ ಪುರಾವೆ ಯಾವ ದಫ್ತರಖಾನೆಯಲ್ಲೂ ಹೂತುಹೋಗಿಲ್ಲ; ಪ್ರತಿಯೊಂದು ದಾಖಲೆ ಪುಸ್ತಕದಲ್ಲೂ ಇದೆ. 1957ರ ಅಕ್ಟೋಬರ್‌ನಲ್ಲಿ ರಿಯೊ ಡಿ ಜನೈರೊದಲ್ಲಿ ನಡೆದ ಎರಡನೆಯ ಚಾಂಪಿಯನ್‌ಷಿಪ್‌ನ ಪ್ರಶಸ್ತಿ ನಿರ್ಣಯಿಸಿದ ಪಂದ್ಯದ ಫಲಿತಾಂಶವದು: ಅಮೆರಿಕ 51, ಸೋವಿಯತ್ ಒಕ್ಕೂಟ 48. ಎಲ್ಲರೂ ಉಲ್ಲೇಖಿಸುವ ಈ ಸಾಲನ್ನು ನಿಯಮ ಪುಸ್ತಕದ ಪಕ್ಕದಲ್ಲಿಟ್ಟು ಓದಿದವರು ಕಡಿಮೆ.

ಮೊದಲು ಒಂದು ರಿಯಾಯಿತಿ ಕೊಡಬೇಕು. 1953ರ ಮಾರ್ಚ್‌ನಲ್ಲಿ ಚಿಲಿಯಲ್ಲಿ ನಡೆದ ಮೊದಲ ಚಾಂಪಿಯನ್‌ಷಿಪ್ಪನ್ನು ಅಮೆರಿಕ ಗೆದ್ದದ್ದು ಈ ವಾದಕ್ಕೆ ಅಷ್ಟಾಗಿ ನೆರವಾಗದು. ಅಲ್ಲಿ ಸೇರಿದ್ದು ಹತ್ತು ತಂಡಗಳು. ಅವುಗಳಲ್ಲಿ ಏಳು (ಅರ್ಜೆಂಟೀನಾ, ಬ್ರೆಜಿಲ್, ಚಿಲಿ, ಕ್ಯೂಬಾ, ಮೆಕ್ಸಿಕೊ, ಪರಾಗ್ವೆ, ಪೆರು) ಲ್ಯಾಟಿನ್ ಅಮೆರಿಕದವು. ಯುರೋಪಿನಿಂದ ಬಂದದ್ದು ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್ ಮಾತ್ರ. 1950 ಮತ್ತು 1952ರ ಯುರೋಪ್ ಚಾಂಪಿಯನ್ ಆಗಿದ್ದ ಸೋವಿಯತ್ ತಂಡ ಅಲ್ಲಿರಲೇ ಇಲ್ಲ. ಕೊನೆಯ ಪಂದ್ಯದಲ್ಲಿ ಅಮೆರಿಕ ಆತಿಥೇಯ ಚಿಲಿಯನ್ನು 49–36ರಿಂದ ಸೋಲಿಸಿತು. ಗೆಲುವು ಗೆಲುವೇ, ಸರಿ. ಆದರೆ ಸೋವಿಯತ್ ಒಕ್ಕೂಟದೊಡನೆ ಹೋಲಿಕೆಯ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ.

ರಿಯೊದ ಕಥೆ ಬೇರೆ. ಅಲ್ಲಿಗೆ ಬಂದದ್ದು ಹನ್ನೆರಡು ತಂಡಗಳು. ಸೋವಿಯತ್ ಒಕ್ಕೂಟ, ಚೆಕೊಸ್ಲೊವಾಕಿಯಾ, ಹಂಗೆರಿ ಮೂರೂ ಇದ್ದವು. ಸೋವಿಯತ್ ತಂಡ ಅಷ್ಟು ಹೊತ್ತಿಗೆ 1950, 1952, 1954, 1956ರಲ್ಲಿ, ಸತತವಾಗಿ ನಾಲ್ಕು ಬಾರಿ ಯುರೋಪ್ ಪ್ರಶಸ್ತಿ ಗೆದ್ದಿತ್ತು. ಅನನುಭವಿ ತಂಡ ಎನ್ನುವಂತಿಲ್ಲ. ಆಡಿದ್ದು ಅಂತರರಾಷ್ಟ್ರೀಯ ನಿಯಮದಲ್ಲಿ: ಐದು ಜನ, ಪೂರ್ಣ ಅಂಕಣ. ಆ ಸಂಜೆ ಗೆದ್ದ ಅಮೆರಿಕದ ಆಟಗಾರ್ತಿಯರು ಊರಿಗೆ ಮರಳಿ ಮತ್ತೆ ಆಡಿದ್ದು ಆರು ಜನರ ಆಟವನ್ನೇ. ಮೂವರು ಫಾರ್ವರ್ಡ್‌ಗಳು ಮಧ್ಯರೇಖೆಯ ಒಂದು ಬದಿಯಲ್ಲಿ ನಿಂತು ಬುಟ್ಟಿಗೆ ಎಸೆಯಬೇಕು, ಮೂವರು ಗಾರ್ಡ್‌ಗಳು ಇನ್ನೊಂದು ಬದಿಯಲ್ಲಿ ತಡೆಯಬೇಕು. ಯಾರೂ ಗೆರೆ ದಾಟುವಂತಿಲ್ಲ, ಚೆಂಡನ್ನು ಕೆಲವೇ ಬಾರಿ ಪುಟಿಸಬೇಕು. ಅಂಥ ಆಟದಲ್ಲಿ ಪಳಗಿದವರು ಪೂರ್ಣ ಅಂಕಣದಲ್ಲಿ ನಾಲ್ಕು ಬಾರಿಯ ಯುರೋಪ್ ಚಾಂಪಿಯನ್ನರನ್ನು ಸೋಲಿಸಿದರೆಂದ ಮೇಲೆ, ನಿಯಮವೇ ಸೋಲಿನ ಕಾರಣ ಎಂಬ ಮಾತಿಗೆ ಬುಡ ಎಲ್ಲಿದೆ?

ಮೂರು ಅಂಕದ ಗೆಲುವು ಆಕಸ್ಮಿಕ ಎಂದು ವಾದಿಸಬಹುದು, ವಾದಿಸುವವರೂ ಇದ್ದಾರೆ. ಒಂದು ಪಂದ್ಯದ ಮಟ್ಟಿಗೆ ಆ ಮಾತನ್ನು ಯಾರೂ ಪೂರ್ತಿ ತಳ್ಳಿಹಾಕಲಾರರು. ಆದರೆ ಆಕಸ್ಮಿಕದ ವಾದ ಹೂಡುವವರು ಮುಂದಿನ ಪ್ರಶ್ನೆಗೂ ಉತ್ತರಿಸಬೇಕಾಗುತ್ತದೆ. ನಿಯಮ ಸಡಿಲಗೊಳ್ಳುತ್ತ ಹೋದಂತೆ ಅಮೆರಿಕದ ಸ್ಥಾನ ಮೇಲೇರಬೇಕಿತ್ತಲ್ಲ, ಏರಿತೇ?

ಏರಲಿಲ್ಲ, ಇಳಿಯಿತು. 1962ರ ಹೊತ್ತಿಗೆ ಆರು ಜನರಲ್ಲಿ ಇಬ್ಬರಿಗೆ 'ರೋವರ್' ಎಂಬ ಹೆಸರಿನಲ್ಲಿ ಇಡೀ ಅಂಕಣದಲ್ಲಿ ಓಡಾಡುವ ಅನುಮತಿ ಸಿಕ್ಕಿತು. 1964ರಲ್ಲಿ ಪೆರುವಿನಲ್ಲಿ ನಡೆದ ಚಾಂಪಿಯನ್‌ಷಿಪ್‌ನಲ್ಲಿ ಅಮೆರಿಕ ನಾಲ್ಕನೆಯದು. 1966ರಲ್ಲಿ ಡ್ರಿಬಲ್ ಮೇಲಿನ ಮಿತಿ ಹೋಯಿತು. ಮರುವರ್ಷ ಪ್ರಾಗ್‌ನಲ್ಲಿ ಹನ್ನೊಂದು ತಂಡಗಳಲ್ಲಿ ಅಮೆರಿಕ ಹನ್ನೊಂದನೆಯದು. 1971ರಲ್ಲಿ ಐದು ಜನರ ಪೂರ್ಣ ಅಂಕಣದ ಆಟ ಅಧಿಕೃತವಾಯಿತು. ಅದೇ ವರ್ಷ ಬ್ರೆಜಿಲ್‌ನಲ್ಲಿ ಎಂಟನೆಯ ಸ್ಥಾನ. ನಾಲ್ಕು ವರ್ಷ ಕಳೆದು ಕೊಲಂಬಿಯಾದ ಕಾಲಿಯಲ್ಲೂ ಎಂಟನೆಯದೇ. ನಿಯಮ ಅತಿ ಬಿಗಿಯಾಗಿದ್ದ ಕಾಲದಲ್ಲಿ ಎರಡು ಪ್ರಶಸ್ತಿ; ನಿಯಮ ಪ್ರಪಂಚದ ಆಟಕ್ಕೆ ಹತ್ತಿರವಾಗುತ್ತ ಬಂದ ಕಾಲದಲ್ಲಿ ಪಟ್ಟಿಯ ತಳ. ಕಾರಣವೆಂದು ಹೇಳಿದ್ದು ಕಡಿಮೆಯಾದಾಗ ಪರಿಣಾಮವೆಂದು ಹೇಳಿದ್ದು ಹೆಚ್ಚಾಗಿದೆ. ಇಷ್ಟನ್ನು ಗಮನಿಸಲು ದೊಡ್ಡ ಪಾಂಡಿತ್ಯವೇನೂ ಬೇಡ, ಎರಡು ಕಾಲಾನುಕ್ರಮಣಿಕೆಗಳನ್ನು ಜೊತೆಗಿಟ್ಟು ನೋಡುವ ತಾಳ್ಮೆ ಬೇಕು. ಆ ತಾಳ್ಮೆ ಇಲ್ಲದೆ ಬರೆದ ಪುಟಗಳು ಈಗಾಗಲೇ ಸಾಕಷ್ಟಿವೆ.

ಹೊಸ ನಿಯಮಕ್ಕೆ ಒಗ್ಗಿಕೊಳ್ಳಲು ಒಂದು ತಲೆಮಾರು ಬೇಕು ಎಂಬ ಆಕ್ಷೇಪ ಗೌರವಕ್ಕೆ ಅರ್ಹವಾದದ್ದು. 1971ರ ಎಂಟನೆಯ ಸ್ಥಾನವನ್ನು, ಬಹುಶಃ 1975ರದನ್ನೂ, ಅದು ಭಾಗಶಃ ವಿವರಿಸಬಲ್ಲದು. 1957ರ ಗೆಲುವನ್ನು ಅದು ವಿವರಿಸಲಾರದು. 1964ರಿಂದ 1967ಕ್ಕೆ ನಾಲ್ಕರಿಂದ ಹನ್ನೊಂದಕ್ಕೆ ಕುಸಿದದ್ದನ್ನೂ ವಿವರಿಸಲಾರದು.

ಸೋವಿಯತ್ ತಂಡ ಬೆಳೆಯಿತು, ಅದೇ ಕಾರಣ ಎನ್ನುವವರು ಲೆಕ್ಕದಲ್ಲಿ ಎಡವಿದ್ದಾರೆ. ಒಂದು ತಂಡ ಬೆಳೆದರೆ ಮೊದಲನೆಯವರು ಎರಡನೆಯವರಾಗುತ್ತಾರೆ, ಹನ್ನೊಂದನೆಯವರಾಗುವುದಿಲ್ಲ. ಪ್ರಾಗ್‌ನಲ್ಲಿ ಅಮೆರಿಕದ ಮೇಲಿದ್ದ ಹತ್ತು ತಂಡಗಳಲ್ಲಿ ಇಟಲಿ, ಬ್ರೆಜಿಲ್, ಆಸ್ಟ್ರೇಲಿಯಾಗಳೂ ಇದ್ದವು. ಇನ್ನು, ಏಳು ಅಡಿಗೆ ಹತ್ತಿರದ ಸೋವಿಯತ್ ಆಟಗಾರ್ತಿ ಉಲಿಯಾನಾ ಸೆಮ್ಯೊನೊವಾ ಅವರ ಎತ್ತರವನ್ನು ಎಳೆದುತರುವ ಅಭ್ಯಾಸವೊಂದಿದೆ. ಅವರು ಹುಟ್ಟಿದ್ದು 1952ರಲ್ಲಿ. 1964ರಲ್ಲಿ ಹನ್ನೆರಡು ವರ್ಷದ ಹುಡುಗಿ, 1967ರಲ್ಲಿ ಹದಿನೈದರವರು. ಅವರ ವಿಶ್ವ ಪ್ರಶಸ್ತಿಗಳು 1971, 1975 ಮತ್ತು 1983ರವು. ಅಮೆರಿಕದ ಕುಸಿತ ಅವರ ಪ್ರವೇಶಕ್ಕಿಂತ ಹಿಂದಿನದು.

ಎತ್ತರವೇ ಎಲ್ಲವೂ ಎನ್ನುವವರಿಗೆ ಪ್ರಾಗ್‌ನ ಬೆಳ್ಳಿ ಪದಕ ಯಾರಿಗೆ ಹೋಯಿತೆಂಬುದೇ ಉತ್ತರ: ದಕ್ಷಿಣ ಕೊರಿಯಾಕ್ಕೆ. ಆ ಚಾಂಪಿಯನ್‌ಷಿಪ್‌ನ ಶ್ರೇಷ್ಠ ಆಟಗಾರ್ತಿ ಎನಿಸಿದವರು ಗೆದ್ದ ಸೋವಿಯತ್ ತಂಡದವರಲ್ಲ, ಕೊರಿಯಾದ ಪಾರ್ಕ್ ಶಿನ್-ಜಾ. ಎಂಟು ವರ್ಷಗಳ ನಂತರ ಕಾಲಿಯಲ್ಲಿ ಬೆಳ್ಳಿ ಗೆದ್ದದ್ದು ಜಪಾನ್. ಅಲ್ಲೂ ಶ್ರೇಷ್ಠ ಆಟಗಾರ್ತಿ ಬೆಳ್ಳಿ ತಂಡದ ಕೇಕೊ ನಮಾಯ್. ಪಾಶ್ಚಾತ್ಯ ಬರಹಗಳಲ್ಲಿ ಈ ಇಬ್ಬರಿಗೆ ಸಿಗುವ ಜಾಗ ಅಡಿಟಿಪ್ಪಣಿಯಷ್ಟು. ಇದು ಅನ್ಯಾಯ ಎಂದು ಸ್ಪಷ್ಟವಾಗಿ ಹೇಳಬೇಕು. ಇವರಿಬ್ಬರನ್ನು ಬಿಟ್ಟು ಬರೆದರೆ ಈ ಚಾಂಪಿಯನ್‌ಷಿಪ್‌ನ ಚರಿತ್ರೆ ಎರಡು ಮಹಾಶಕ್ತಿಗಳ ಹಗ್ಗಜಗ್ಗಾಟವಾಗಿ ಉಳಿಯುತ್ತದೆ, ಆಟದ ಚರಿತ್ರೆಯಾಗುವುದಿಲ್ಲ.

ಹಾಗಾದರೆ ಅಮೆರಿಕ ಕುಸಿದದ್ದು ಏಕೆ? ಉತ್ತರ ಅಂಕಣದ ಗೆರೆಗಳಲ್ಲಿಲ್ಲ, ಸಂಬಳದ ಪಟ್ಟಿಯಲ್ಲಿದೆ. 1950ರ ದಶಕದ ಅಮೆರಿಕದಲ್ಲಿ ಮಹಿಳೆಯರ ಉನ್ನತ ಮಟ್ಟದ ಬ್ಯಾಸ್ಕೆಟ್‌ಬಾಲ್ ನಿಂತಿದ್ದು ಅಮೆಚೂರ್ ಅಥ್ಲೆಟಿಕ್ ಯೂನಿಯನ್ನಿನ (ಎಎಯು) ಪಂದ್ಯಾವಳಿಯ ಮೇಲೆ. ಆ ಪಂದ್ಯಾವಳಿ ನಿಂತಿದ್ದು ಬೆರಳೆಣಿಕೆಯ ಕಾರ್ಖಾನೆ ಮತ್ತು ಸಣ್ಣ ಕಾಲೇಜುಗಳ ತಂಡಗಳ ಮೇಲೆ. ವಿನ್‌ಸ್ಟನ್-ಸೇಲಮ್‌ನ ಹೇನ್ಸ್ ಹೋಸಿಯರಿ ಕಾಲುಚೀಲದ ಗಿರಣಿಯ ತಂಡ 1951ರಿಂದ 1953ರವರೆಗೆ ಮೂರು ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು, ಸತತ 102 ಪಂದ್ಯ ಗೆದ್ದಿತು. 1954ರಲ್ಲಿ ಗಿರಣಿ ಆ ತಂಡವನ್ನೇ ಮುಚ್ಚಿತು. ಟೆಕ್ಸಸ್‌ನ ವೇಲ್ಯಾಂಡ್ ಬ್ಯಾಪ್ಟಿಸ್ಟ್ ಕಾಲೇಜಿನ 'ಫ್ಲೈಯಿಂಗ್ ಕ್ವೀನ್ಸ್' 1953ರಿಂದ 1958ರವರೆಗೆ ಸತತ 131 ಪಂದ್ಯ ಗೆದ್ದರು. ಪಂದ್ಯಗಳಿಗೆ ಅವರನ್ನು ವಿಮಾನದಲ್ಲಿ ಕರೆದೊಯ್ಯುತ್ತಿದ್ದವರು ವಿಮಾನ ವ್ಯವಹಾರ ನಡೆಸುತ್ತಿದ್ದ ಸ್ಥಳೀಯ ಉದ್ಯಮಿ ಕ್ಲಾಡ್ ಹಚರ್ಸನ್. ಆ ಸರಣಿ ಮುರಿದದ್ದು ನ್ಯಾಶ್‌ವಿಲ್ ಬಿಸಿನೆಸ್ ಕಾಲೇಜಿನ ತಂಡ.

ನ್ಯಾಶ್‌ವಿಲ್‌ನ ಆ ತಂಡದ ತರಬೇತುದಾರ ಜಾನ್ ಹೆಡ್ ಅವರೇ 1953 ಮತ್ತು 1957ರಲ್ಲಿ ರಾಷ್ಟ್ರೀಯ ತಂಡದ ತರಬೇತುದಾರರು. ಎರಡೂ ಬಾರಿ ಚಿನ್ನ ಗೆದ್ದ ಕ್ಯಾಥರೀನ್ ವಾಷಿಂಗ್ಟನ್, ರಿಯೊದ ನಾಯಕಿಯಂತಿದ್ದ ನೆರಾ ವೈಟ್ ಇಬ್ಬರೂ ಆ ತಂಡದವರು. ಟೆನೆಸಿಯ ಹಳ್ಳಿಗಾಡಿನಿಂದ ಬಂದ ವೈಟ್ ಹದಿನೈದು ಬಾರಿ ಎಎಯು ಅಖಿಲ ಅಮೆರಿಕ ತಂಡಕ್ಕೆ ಆಯ್ಕೆಯಾದರು; ಅವರು ನೈಸ್ಮಿತ್ ಹಾಲ್ ಆಫ್ ಫೇಮ್ ಸೇರಿದ್ದು 1992ರಲ್ಲಿ. ಅವರ ತಂಡ 1962ರಿಂದ 1969ರವರೆಗೆ ಸತತ ಎಂಟು ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಆ ಎಂಟು ಪ್ರಶಸ್ತಿಗಳನ್ನು ಹೊಗಳಿ ಬರೆಯುವುದು ವಾಡಿಕೆ. ಅದೇ ಪಟ್ಟಿ ಇನ್ನೊಂದನ್ನೂ ಹೇಳುತ್ತದೆ: ಒಂದೇ ಸಂಸ್ಥೆ ಎಂಟು ವರ್ಷ ಎದುರಾಳಿಯಿಲ್ಲದೆ ಗೆಲ್ಲುವ ದೇಶದಲ್ಲಿ ಆಟದ ತಳಹದಿ ಸವೆದಿದೆ. 1967ರ ಹನ್ನೊಂದನೆಯ ಸ್ಥಾನ ಬಂದದ್ದು ಆ ಎಂಟು ವರ್ಷಗಳ ನಡುವೆಯೇ. 1969ರಲ್ಲಿ ಆ ತಂಡವೂ ನಿಂತಿತು. ಎಎಯು ಪ್ರಶಸ್ತಿ ಪಟ್ಟಿಯನ್ನು ಗಂಭೀರವಾದ ಆಕರವೆಂದು ಪರಿಗಣಿಸಿದವರು ಕೆಲವರೇ. ಆ ಮರೆತ ಲೋಕಕ್ಕೆ ಒಂದಿಡೀ ಪುಸ್ತಕವನ್ನು ಮೀಸಲಿಟ್ಟ ರಾಬರ್ಟ್ ಇಕಾರ್ಡ್ ಅವರಿಗೆ (ಅವರ 'ಜಸ್ಟ್ ಫಾರ್ ಫನ್' ಪ್ರಕಟವಾದದ್ದು 2005ರಲ್ಲಿ) ಈ ವಿಷಯದ ವಿದ್ಯಾರ್ಥಿಗಳೆಲ್ಲ ಋಣಿಗಳು.

ಇತ್ತ ದೊಡ್ಡ ವಿಶ್ವವಿದ್ಯಾಲಯಗಳ ಬಾಗಿಲು ಮುಚ್ಚಿತ್ತು. 1923ರಲ್ಲಿ ಲೂ ಹೆನ್ರಿ ಹೂವರ್ ಅವರ ನೇತೃತ್ವದಲ್ಲಿ ಹುಟ್ಟಿದ, ರಾಷ್ಟ್ರೀಯ ಹವ್ಯಾಸಿ ಅಥ್ಲೆಟಿಕ್ ಒಕ್ಕೂಟದ ಮಹಿಳಾ ವಿಭಾಗ, ಹೆಣ್ಣುಮಕ್ಕಳು ಆಡಲಿ, ಸ್ಪರ್ಧಿಸುವುದು ಬೇಡ ಎಂಬ ನೀತಿಯನ್ನು ದೈಹಿಕ ಶಿಕ್ಷಣದ ಅಧ್ಯಾಪಕಿಯರ ನಡುವೆ ಬೇರೂರಿಸಿತ್ತು. ಕಾರ್ಖಾನೆ ತಂಡ ಮುಚ್ಚಿದಾಗ ಆ ಜಾಗ ತುಂಬಲು ಕಾಲೇಜು ತಂಡ ಇರಲಿಲ್ಲ. ಅಯೋವಾ ರಾಜ್ಯವನ್ನು ನೋಡಿದರೆ ನಿಯಮಕ್ಕೂ ತಳಹದಿಗೂ ಸಂಬಂಧವಿಲ್ಲವೆಂಬುದು ಇನ್ನಷ್ಟು ಸ್ಪಷ್ಟ: ಅಲ್ಲಿನ ಪ್ರೌಢಶಾಲಾ ಹುಡುಗಿಯರು 1993ರವರೆಗೂ ಆರು ಜನರ ಆಟವಾಡಿದರು, ಅವರ ರಾಜ್ಯ ಪಂದ್ಯಾವಳಿಗೆ ಕ್ರೀಡಾಂಗಣ ತುಂಬುತ್ತಿತ್ತು. ಅರ್ಧ ಅಂಕಣದ ನಿಯಮ ಅನ್ಯಾಯದ್ದೇ; ಹೆಣ್ಣಿನ ದೇಹ ದುರ್ಬಲ ಎಂಬ ನಂಬಿಕೆಯಿಂದ ಹುಟ್ಟಿದ್ದು. ಅದನ್ನು ಆ ಕಾರಣಕ್ಕೇ ಖಂಡಿಸಬೇಕು. ಪದಕ ಪಟ್ಟಿಯ ಸುಳ್ಳು ಸಾಕ್ಷಿ ಅದಕ್ಕೆ ಬೇಕಿಲ್ಲ.

ಸೋವಿಯತ್ ಒಕ್ಕೂಟದಲ್ಲಿ ಆಗುತ್ತಿದ್ದದ್ದು ಇದಕ್ಕೆ ತದ್ವಿರುದ್ಧ. ಹದಿನೆಂಟು ಬಾರಿ ಯುರೋಪಿನ ಕ್ಲಬ್ ಪ್ರಶಸ್ತಿ ಗೆದ್ದ ಟಿಟಿಟಿ ರೀಗಾ ಆ ನಗರದ ಟ್ರಾಮ್ ಮತ್ತು ಟ್ರಾಲಿಬಸ್ ಸಂಸ್ಥೆಯ ತಂಡ, ಸೆಮ್ಯೊನೊವಾ ಅಲ್ಲಿಯವರು. ಕೊರಿಯಾದ ಪಾರ್ಕ್ ಆಡಿದ್ದು ಒಂದು ಬ್ಯಾಂಕಿನ ತಂಡಕ್ಕೆ. ಅಮೆರಿಕದ ಗಿರಣಿ ಕೈಬಿಟ್ಟದ್ದನ್ನು ರೀಗಾದ ಟ್ರಾಮ್ ಸಂಸ್ಥೆ ಮತ್ತು ಸೋಲ್‌ನ ಬ್ಯಾಂಕು ಎತ್ತಿಹಿಡಿದವು. ಶಿಕ್ಷಣದಲ್ಲಿ ಲಿಂಗ ತಾರತಮ್ಯ ನಿಷೇಧಿಸಿದ 1972ರ ಟೈಟಲ್ ನೈನ್ ಕಾನೂನು ಅಮೆರಿಕದ ಕಾಲೇಜುಗಳ ಬಾಗಿಲು ತೆರೆಸಿದ ಮೇಲೆ, 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ, 1979ರಲ್ಲಿ ಸೋಲ್‌ನಲ್ಲಿ ಚಿನ್ನ ಬಂದದ್ದು ಈ ಓದಿಗೆ ಸರಿಯಾಗಿ ಹೊಂದುತ್ತದೆ.

1979ರ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಸೋವಿಯತ್ ತಂಡ ಸೋಲ್‌ಗೆ ಹೋಗಲಿಲ್ಲ, ಆದ್ದರಿಂದ ಆ ಚಿನ್ನ ಅರೆಪಾಲು ಎಂದು ಅನೇಕರು ಬರೆಯುತ್ತಾರೆ. ಅವರೇ 1959ರ ಮಾಸ್ಕೊ ಚಾಂಪಿಯನ್‌ಷಿಪ್ಪನ್ನು ಯಾವ ಷರಾ ಇಲ್ಲದೆ ಸೋವಿಯತ್ ಒಕ್ಕೂಟದ ಆರು ಪ್ರಶಸ್ತಿಗಳಲ್ಲಿ ಮೊದಲನೆಯದೆಂದು ಎಣಿಸುತ್ತಾರೆ. ಅಲ್ಲಿದ್ದದ್ದು ಎಂಟೇ ತಂಡಗಳು: ಪೂರ್ವ ಯುರೋಪಿನವು ಮತ್ತು ಉತ್ತರ ಕೊರಿಯಾ. ಅಮೆರಿಕ ಹೋಗಿರಲಿಲ್ಲ. ಷರಾ ಹಾಕುವುದಿದ್ದರೆ ಎರಡಕ್ಕೂ ಹಾಕಬೇಕು.

ಈ ವಿಷಯ ಕನ್ನಡದ ಓದುಗರಿಗೆ ದೂರದ್ದೇನಲ್ಲ. 2017ರ ಜುಲೈನಲ್ಲಿ ಬೆಂಗಳೂರಿನಲ್ಲಿ ಏಷ್ಯಾ ಕಪ್ ನಡೆದಾಗ ಜಪಾನ್ ಆಸ್ಟ್ರೇಲಿಯಾವನ್ನು 74–73ರಿಂದ ಸೋಲಿಸಿತು. ಎರಡನೆಯ ದರ್ಜೆಯ ಅಂತಿಮ ಪಂದ್ಯದಲ್ಲಿ ಭಾರತ ಕಜಕಸ್ತಾನವನ್ನು 75–73ರಿಂದ ಮಣಿಸಿತು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಮಹಿಳಾ ತಂಡ ಈವರೆಗೆ ಆಡಿಲ್ಲ. ಆದರೆ ನಮ್ಮಲ್ಲೂ ಈ ಆಟವನ್ನು ಹೊತ್ತು ನಿಂತದ್ದು ನೌಕರಿ ಕೊಡುವ ಸಂಸ್ಥೆಯೇ: ರೈಲ್ವೆ. ಪದ್ಮಶ್ರೀ ಪುರಸ್ಕೃತೆ ಅನಿತಾ ಪೌಲ್‌ದುರೈ, ಗೀತು ಅನ್ನಾ ಜೋಸ್ ಇಬ್ಬರೂ ದಕ್ಷಿಣ ರೈಲ್ವೆಯಲ್ಲಿದ್ದುಕೊಂಡೇ ದೇಶಕ್ಕಾಗಿ ಆಡಿದವರು. ಭಾರತದ ಸೋಲುಗಳಿಗೆ ಎತ್ತರದ ಕೊರತೆಯನ್ನು ಕಾರಣವಾಗಿ ಹೇಳುವ ಮುನ್ನ ನಮ್ಮ ಕ್ರೀಡಾ ಬರಹಗಾರರು ರೈಲ್ವೆಯ ನೇಮಕಾತಿ ದಾಖಲೆಗಳನ್ನು ಓದಬೇಕು. ಯಾವ ವರ್ಷ ಎಷ್ಟು ಆಟಗಾರ್ತಿಯರಿಗೆ ಕೆಲಸ ಸಿಕ್ಕಿತು, ಯಾವ ವಿಭಾಗದಲ್ಲಿ ತಂಡ ಉಳಿಯಿತು, ಎಲ್ಲಿ ಮುಚ್ಚಿತು ಎಂಬುದನ್ನು ಆಗ ಆಡಿದವರು ನಮ್ಮ ನಡುವೆ ಇರುವಾಗಲೇ ಕೇಳಿ ಬರೆದಿಡಬೇಕು.