ಅಕ್ಯುಪಂಕ್ಚರ್: ಯಾವ ನೋವಿಗೆ ಹೋಗಬಹುದು, ಯಾವುದಕ್ಕೆ ಬೇಡ? ಇಲ್ಲಿದೆ ಪೂರ್ತಿ ಮಾಹಿತಿ

ದಿನವಿಡೀ ಗಲ್ಲಾದಲ್ಲಿ ಕೂತು ಸೊಂಟ ಹಿಡ್ಕೊಂಡವರಿಗೆ, ಮೂಟೆ ಎತ್ತಿ ಮಂಡಿ ನೋವು ಬಂದವರಿಗೆ ಯಾರಾದ್ರೂ ಒಬ್ಬರು ಹೇಳೇ ಹೇಳ್ತಾರೆ, 'ಒಂದ್ಸಲ ಸೂಜಿ ಹಾಕಿಸ್ಕೊಂಡು ನೋಡಿ' ಅಂತ. ಕೆಲವರು ಇದನ್ನ ಬರೀ ಮೋಸ ಅಂತಾರೆ. ಇನ್ನು ಕೆಲವರು ಶುಗರ್ ಕೂಡ ವಾಸಿಯಾಗುತ್ತೆ ಅಂತಾರೆ. ಎರಡೂ ಪೂರ್ತಿ ಸರಿಯಲ್ಲ.

ಏನಿದು?
ಚೀನಾದ ಹಳೇ ಚಿಕಿತ್ಸೆ. ಕೂದಲಿನಷ್ಟು ತೆಳ್ಳಗಿನ ಸೂಜಿಗಳನ್ನು ಚರ್ಮಕ್ಕೆ ಚುಚ್ಚಿ ಸುಮಾರು 20-30 ನಿಮಿಷ ಬಿಡುತ್ತಾರೆ. ಸೂಜಿಯಲ್ಲಿ ಔಷಧ ಇರಲ್ಲ. ದೇಹದಲ್ಲಿ 'ಚಿ' ಎಂಬ ಶಕ್ತಿ ಹರಿಯುತ್ತದೆ ಎಂಬುದು ಚೀನೀಯರ ನಂಬಿಕೆ. ಚುಚ್ಚಿದಾಗ ನರಗಳು ಎಚ್ಚೆತ್ತು ನೋವು ತಗ್ಗಿಸುವ ಎಂಡಾರ್ಫಿನ್ ಬಿಡುಗಡೆಯಾಗುತ್ತದೆ ಎಂಬುದು ಈಗಿನ ವೈದ್ಯರ ವಿವರಣೆ.

ಆಸ್ಪತ್ರೆಗೆ ಬಂದ ದಾರಿ
1938ರಲ್ಲಿ ಸೊಲ್ಲಾಪುರದ ಡಾ. ಕೋಟ್ನಿಸ್ ಜೊತೆ ಚೀನಾಕ್ಕೆ ಹೋಗಿದ್ದ ವೈದ್ಯರ ತಂಡದಲ್ಲಿ ಡಾ. ಬಿ.ಕೆ. ಬಸು ಕೂಡ ಇದ್ದರು. ಮುಂದೆ ಈ ವಿದ್ಯೆ ಕಲಿತು 1959ರಲ್ಲಿ ಕಲ್ಕತ್ತಾಕ್ಕೆ ತಂದವರು ಅವರೇ. 1997ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ, ಆಪರೇಷನ್ ಮತ್ತು ಕೀಮೋಥೆರಪಿ ನಂತರದ ವಾಂತಿಗೆ ಇದರಿಂದ ಉಪಯೋಗವಿದೆ ಎಂದಿತು. 2020ರಿಂದ ಅಲ್ಲಿನ ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್, ಹಳೇ ಸೊಂಟ ನೋವಿಗೆ 90 ದಿನದಲ್ಲಿ 12 ಸಲದವರೆಗೆ ಇದರ ಖರ್ಚು ಕೊಡುತ್ತಿದೆ.

ಭಾರತದಲ್ಲಿ 2003ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಇದಕ್ಕೆ ಒಪ್ಪಿಗೆ ಕೊಟ್ಟಿತು. 2019ರ ಫೆಬ್ರುವರಿಯಲ್ಲಿ ಪ್ರತ್ಯೇಕ ಚಿಕಿತ್ಸಾ ಪದ್ಧತಿ ಎಂದು ಮಾನ್ಯ ಮಾಡಿತು. ಪಶ್ಚಿಮ ಬಂಗಾಳದಲ್ಲಿ 1996ರಲ್ಲೇ ಕಾಯ್ದೆ ಬಂದಿದೆ. ನಮ್ಮಲ್ಲಿ ಉಜಿರೆಯಂಥ ಕಡೆ ಇರುವ ಪ್ರಕೃತಿ ಚಿಕಿತ್ಸಾ ಕಾಲೇಜುಗಳಲ್ಲಿ ಬಿಎನ್‌ವೈಎಸ್ ಓದುವವರಿಗೆ ಇದೂ ಒಂದು ಪಾಠ.

ನಿಜಕ್ಕೂ ಕೆಲಸ ಮಾಡುತ್ತಾ?
ಜರ್ಮನಿಯಲ್ಲಿ ಸೊಂಟ ನೋವಿದ್ದ 1,162 ಜನರ ಮೇಲೆ ನಡೆದ ಪರೀಕ್ಷೆ 2007ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಸೂಜಿ ಚಿಕಿತ್ಸೆ ಪಡೆದವರಲ್ಲಿ 47.6%, ಮಾಮೂಲಿ ಚಿಕಿತ್ಸೆಯವರಲ್ಲಿ 27.4% ಜನರಿಗೆ ಗುಣ ಕಂಡಿತ್ತು. ಆದರೆ ಬೇಕಂತಲೇ ಬೇರೆ ಜಾಗಕ್ಕೆ ಮೇಲ್ಮೇಲೆ ಚುಚ್ಚಿಸಿಕೊಂಡವರಲ್ಲೂ 44.2% ಜನರಿಗೆ ಗುಣವಾಗಿತ್ತು! ಅಂದರೆ ಲಾಭ ಇದೆ, ಅದರಲ್ಲಿ ನಂಬಿಕೆಯ ಪಾಲೂ ಇರಬಹುದು. ಇದೇ ಕಾರಣಕ್ಕೆ ದೇಶಗಳು ಒಂದೇ ಮಾತು ಹೇಳ್ತಿಲ್ಲ. ಜರ್ಮನಿಯಲ್ಲಿ ಸೊಂಟ, ಮಂಡಿ ನೋವಿಗೆ ವಿಮೆ ಸಿಗುತ್ತದೆ. ಬ್ರಿಟನ್ 2016ರಲ್ಲಿ ಸೊಂಟ ನೋವಿಗೆ ಬೇಡ ಎಂದಿತು, ಮೈಗ್ರೇನ್ ತಡೆಯಲು ಪ್ರಯತ್ನಿಸಬಹುದು ಎಂಬ ಸಲಹೆ ಉಳಿಸಿಕೊಂಡಿತು.

ಹೋಗುವ ಮುನ್ನ
* ಚಿಕಿತ್ಸೆ ಕೊಡುವವರು ಎಲ್ಲಿ, ಎಷ್ಟು ವರ್ಷ ಓದಿದ್ದಾರೆ ಅಂತ ಕೇಳಿ. ಕೇಳೋದಕ್ಕೆ ಸಂಕೋಚ ಬೇಡ.
* ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಲಿ. ಒಬ್ಬರಿಗೆ ಬಳಸಿದ ಸೂಜಿ ಮತ್ತೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಹರಡಬಹುದು.
* ರಕ್ತ ತೆಳು ಮಾಡುವ ಮಾತ್ರೆ, ಪೇಸ್‌ಮೇಕರ್, ಗರ್ಭ ಇದ್ದರೆ ಮೊದಲೇ ಹೇಳಿ.
* ಎದೆ ಭಾಗಕ್ಕೆ ಚುಚ್ಚಿದ ಮೇಲೆ ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಅಪರೂಪಕ್ಕೆ ಶ್ವಾಸಕೋಶಕ್ಕೆ ಸೂಜಿ ತಗಲುವುದುಂಟು.
* ನಾಲ್ಕೈದು ಸಲ ಹೋದ ಮೇಲೂ ನೋವು ಇಳಿಯದಿದ್ದರೆ ಸುಮ್ಮನೆ ದುಡ್ಡು ಸುರಿಯಬೇಡಿ. ಮೊದಲೇ ಪೂರ್ತಿ ಪ್ಯಾಕೇಜ್ ಕಟ್ಟಲೂಬೇಡಿ.

ಎದೆನೋವು, ಲಕ್ವ ಹೊಡೆದಾಗ ಸೂಜಿಗೆ ಕಾಯುವಂತಿಲ್ಲ, 108ಕ್ಕೆ ಫೋನ್ ಮಾಡಿ. ಇನ್ಸುಲಿನ್, ಬಿಪಿ ಮಾತ್ರೆ ನಿಲ್ಲಿಸಿ ಅಂತ ಯಾರಾದ್ರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.